ಲಸಿಕೆ ಹೊಂದಿತೋ ಇಲ್ಲವೋ, ರೈತರಿಗೂ ಹೇಳಿ

ಸಂಪಾದಕರಿಗೆ,

ನಮಸ್ಕಾರ. ಕಳೆದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ 'ಲಸಿಕೆ ಹಾಕಿಸಿದರೂ ಕಾಲುಬಾಯಿ ಜ್ವರ' ಎಂಬ ಸುದ್ದಿ ಬಂದಿತ್ತು. ಜೊಲ್ಲು ಸುರಿಸುತ್ತಾ ನಿಂತ ಸೀಮೆ ಹಸುವಿನ ಫೋಟೊ, ಕೆಳಗೆ ಇಬ್ಬರ ಮಾತು. ಒಬ್ಬ ರೈತರು 'ಸುಮ್ನೆ ನೀರು ಚುಚ್ಚಿ ಹೋಗ್ತಾರೆ' ಎಂದಿದ್ದರು. ಒಬ್ಬ ಅಧಿಕಾರಿ 'ರೈತರು ಸಮಯಕ್ಕೆ ಸರಿಯಾಗಿ ಹಾಕಿಸುವುದಿಲ್ಲ' ಎಂದಿದ್ದರು. ಅಲ್ಲಿಗೆ ಸುದ್ದಿ ಮುಗಿದಿತ್ತು.

ನಾನು ಪಶುವೈದ್ಯೆ. ನೌಕರಿಯ ಮೊದಲ ವರ್ಷಗಳು ಇದೇ ವೈರಸ್‌ನ ಲ್ಯಾಬ್‌ನಲ್ಲಿ ಕಳೆದವು. ಉಳಿದದ್ದೆಲ್ಲ ಚಿಂತಾಮಣಿ ಕಡೆಯ ಹಳ್ಳಿ ಆಸ್ಪತ್ರೆಗಳಲ್ಲಿ. ಈಗ ನಿವೃತ್ತಿಯಾಗಿದ್ದೇನೆ, ಮನೆಯಲ್ಲಿ ನಾಲ್ಕು ಹಸು ಇವೆ. ಆ ಇಬ್ಬರೂ ಹೇಳಿದ್ದು ಒಂದೊಂದು ಸಲ ನಿಜವೇ. ಆದರೆ ಮೂರನೆಯದೊಂದು ಇದೆ. ಅದನ್ನು ರೈತರೂ ಕೇಳುವುದಿಲ್ಲ, ಪತ್ರಿಕೆಯವರೂ ಕೇಳುವುದಿಲ್ಲ. ಗೊತ್ತಿರುವವರು ತಾವಾಗಿ ಹೇಳುವುದೂ ಇಲ್ಲ.

ಲಸಿಕೆ ಅಸಲಿಯೇ ಇರಬಹುದು. ಸಮಯಕ್ಕೆ ಹಾಕಿಸಿರಬಹುದು. ಹಸುವಿನ ರಕ್ತದಲ್ಲಿ ಪ್ರತಿಕಾಯಗಳೂ ಧಾರಾಳವಾಗಿ ಇರಬಹುದು. ಕೋವಿಡ್ ಕಾಲದಲ್ಲಿ ಎಲ್ಲರೂ ಆಂಟಿಬಾಡಿ ಆಂಟಿಬಾಡಿ ಎನ್ನುತ್ತಿದ್ದರಲ್ಲ, ಅದೇ. ಇಷ್ಟೆಲ್ಲ ಇದ್ದೂ ರೋಗ ಬರುತ್ತದೆ. ಯಾಕೆಂದರೆ ಪ್ರತಿಕಾಯ ವೈರಸ್‌ನ ಮೈಮೇಲೆ ಎಲ್ಲಿ ಕೂರುತ್ತದೆ ಎನ್ನುವುದರ ಮೇಲೆ ಅದರ ಕೆಲಸ ನಿಂತಿದೆ. ಎತ್ತನ್ನು ಬಾಲ ಹಿಡಿದು ಎಳೆದರೆ ನಿಲ್ಲುವುದಿಲ್ಲ, ಮೂಗುದಾರ ಹಿಡಿದರೆ ನಿಲ್ಲುತ್ತದೆ. ಕಾಲುಬಾಯಿ ವೈರಸ್‌ಗೂ ಮೂಗುದಾರದಂಥ ಕೆಲವೇ ಜಾಗಗಳಿವೆ. ಅವು ಎಲ್ಲಿವೆ ಎಂದು ಹುಡುಕಿ ನಕ್ಷೆ ಮಾಡಲು ವಿಜ್ಞಾನಿಗಳು ಎಷ್ಟೋ ವರ್ಷ ಕೂತಿದ್ದಾರೆ. ಆ ನಕ್ಷೆಯ ಪ್ರಯೋಜನ ನಮ್ಮ ಕೊಟ್ಟಿಗೆವರೆಗೆ ಬಂದಿಲ್ಲ ಎನ್ನುವುದೇ ನನ್ನ ತಕರಾರು.

ಈ ವೈರಸ್ ಬಲು ಸಣ್ಣದು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಸುಮಾರು 30 ಪಾಲಿನಷ್ಟು. ಪ್ರಾಣಿಗಳಿಗೆ ರೋಗ ತರುವ ವೈರಸ್ ಅಂತ ಒಂದಿದೆ ಎಂದು ಜಗತ್ತಿಗೆ ಮೊದಲು ಗೊತ್ತಾಗಿದ್ದೇ ಇದರಿಂದ. 1898ರ ಹೊತ್ತಿಗೆ ಜರ್ಮನಿಯ ಲೋಫ್ಲರ್ ಮತ್ತು ಫ್ರಾಶ್ ಅದನ್ನು ತೋರಿಸಿದರು. ಒಳಗೆ ಜೀನ್ ಇರುವ ಒಂದು ಎಳೆ ಆರ್‌ಎನ್‌ಎ, ಹೊರಗೆ ಪ್ರೋಟೀನಿನ ಚಿಪ್ಪು. ಚಿಪ್ಪಿನಲ್ಲಿ ನಾಲ್ಕು ಬಗೆಯ ಪ್ರೋಟೀನು, ಒಂದೊಂದೂ 60 ಪ್ರತಿ. ಅದರಲ್ಲಿ ವಿಪಿ1, ವಿಪಿ2, ವಿಪಿ3 ಎಂಬ ಮೂರು ಹೊರಗೆ ಕಾಣುತ್ತವೆ, ನಾಲ್ಕನೆಯದು ಒಳಗಡೆ ಅಡಗಿದೆ. ಪ್ರತಿಕಾಯಕ್ಕೆ ಸಿಗುವುದು ಹೊರಗಿನ ಮೂರೇ. ಅವುಗಳಲ್ಲೂ ವಿಪಿ1ರಲ್ಲಿ ಒಂದು ಕುಣಿಕೆ ಹೊರಚಾಚಿಕೊಂಡಿದೆ. ವೈರಸ್ ಹಸುವಿನ ಜೀವಕೋಶಕ್ಕೆ ಅಂಟಿಕೊಳ್ಳುವುದು ಇದೇ ಕುಣಿಕೆಯಿಂದ. ಹಾಗಾಗಿ ಪ್ರತಿಕಾಯ ಬಂದು ಅಲ್ಲಿ ಕೂತರೆ ವೈರಸ್ ಒಳಗೆ ಹೋಗಲು ಆಗುವುದಿಲ್ಲ.

ಇದನ್ನು ಕಂಡುಹಿಡಿದ ಕಥೆ ನನಗೆ ತುಂಬಾ ಇಷ್ಟ. 1984ರಲ್ಲಿ ಆಸ್ಟ್ರೇಲಿಯಾದ ಮಾರಿಯೊ ಗೇಸೆನ್ ಮತ್ತು ಹಾಲೆಂಡಿನ ಇಬ್ಬರು ವಿಜ್ಞಾನಿಗಳು ಸೇರಿ ಒಂದು ಕೆಲಸ ಮಾಡಿದರು. ಪ್ರೋಟೀನು ಅಂದರೆ ಅಮೈನೊ ಆಮ್ಲ ಎಂಬ ಮಣಿಗಳ ಸರ. ವಿಪಿ1 ಅಂದರೆ 213 ಅಮೈನೊ ಆಮ್ಲಗಳ ಸಾಲು. ಅವರು ಒಂದರಿಂದ ಆರು, ಎರಡರಿಂದ ಏಳು, ಮೂರರಿಂದ ಎಂಟು, ಹೀಗೆ ಕೊನೆವರೆಗೆ ಆರಾರು ಅಮೈನೊ ಆಮ್ಲಗಳ ತುಂಡುಗಳನ್ನು ತಯಾರು ಮಾಡಿದರು. ಒಟ್ಟು 208 ತುಂಡು. ಒಂದೊಂದನ್ನೂ ಒಂದೊಂದು ಪ್ಲಾಸ್ಟಿಕ್ ಕಡ್ಡಿಯ ತುದಿಯಲ್ಲೇ ಬೆಳೆಸಿದರು. ಆಮೇಲೆ ಎಲ್ಲ ಕಡ್ಡಿಗಳನ್ನೂ ವೈರಸ್ ವಿರುದ್ಧದ ಪ್ರತಿಕಾಯ ಇರುವ ಸೀರಂನಲ್ಲಿ, ಅಂದರೆ ರಕ್ತದ ತಿಳಿಯಲ್ಲಿ, ಅದ್ದಿ ನೋಡಿದರು. ಯಾವ ಕಡ್ಡಿಗೆ ಪ್ರತಿಕಾಯ ಅಂಟಿತೋ ಅದೇ ಜಾಗ. ಉತ್ತರ 146ರಿಂದ 152ರವರೆಗಿನ ತುಂಡಿನಲ್ಲಿ ಸಿಕ್ಕಿತು. ಅವರು ಅಷ್ಟಕ್ಕೇ ಬಿಡಲಿಲ್ಲ. ಆ ತುಂಡಿನ ಒಂದೊಂದು ಅಮೈನೊ ಆಮ್ಲವನ್ನೂ ತೆಗೆದು ಬೇರೆಯದನ್ನು ಹಾಕಿ ನೋಡಿದರು. 148 ಮತ್ತು 151ನೇ ಜಾಗದಲ್ಲಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲ ಬದಲಾದರೆ ಪ್ರತಿಕಾಯ ಅಂಟುವುದೇ ಇಲ್ಲ. ಇವತ್ತು ಮನುಷ್ಯರ ರೋಗಗಳಿಗೆ, ಕ್ಯಾನ್ಸರ್ ಔಷಧಿಗಳಿಗೆ ಎಲ್ಲ ಕಡೆ ಬಳಸುವ ಈ ಕಡ್ಡಿ ವಿಧಾನ ಶುರುವಾಗಿದ್ದು ದನದ ಕಾಲುಬಾಯಿ ರೋಗದಿಂದ. ದನದ ಡಾಕ್ಟ್ರು ಅಂದರೆ ಮೂಗು ಮುರಿಯುವವರಿಗೆ ನಾನು ಇದನ್ನು ಹೇಳದೆ ಬಿಡುವುದಿಲ್ಲ.

ಇನ್ನೊಂದು ದಾರಿ ಸ್ವಲ್ಪ ತುಂಟತನದ್ದು. ಒಂದೇ ಒಂದು ಜಾಗವನ್ನು ಗುರುತಿಸುವ ಮೊನೊಕ್ಲೋನಲ್ ಪ್ರತಿಕಾಯವನ್ನು ವೈರಸ್ ಬೆಳೆಯುವ ಕೋಶಗಳ ಮೇಲೆ ಸುರಿಯುತ್ತೇವೆ. ಹೆಚ್ಚು ಪಾಲು ವೈರಸ್ ನಿಷ್ಕ್ರಿಯವಾಗುತ್ತದೆ. ಕೆಲವು ತಪ್ಪಿಸಿಕೊಳ್ಳುತ್ತವೆ. ತಪ್ಪಿಸಿಕೊಂಡವನ್ನು ಹಿಡಿದು ಎಲ್ಲಿ ಬದಲಾಗಿದ್ದೀಯಪ್ಪ ಎಂದು ಜೀನ್ ಓದಿ ನೋಡಿದರೆ, ಬದಲಾದ ಜಾಗವೇ ಪ್ರತಿಕಾಯ ಕೂರುತ್ತಿದ್ದ ಜಾಗ. ನಮ್ಮ ದೇಶದಲ್ಲಿ ಜಾಸ್ತಿ ಕಾಣುವ ಒ ಬಗೆಯ ವೈರಸ್‌ನಲ್ಲಿ ಹೀಗೆ ಐದು ಜಾಗಗಳು ಸಿಕ್ಕಿವೆ. ವಿಪಿ1ರ ಆ ಕುಣಿಕೆ ಒಂದು. ವಿಪಿ1ರಲ್ಲೇ 43-44ನೇ ಅಮೈನೊ ಆಮ್ಲಗಳ ಸುತ್ತ ಇನ್ನೊಂದು. ವಿಪಿ2ರಲ್ಲಿ ಎಪ್ಪತ್ತರ ಆಸುಪಾಸಿನಲ್ಲೂ 131ರಲ್ಲೂ ಸೇರಿ ಒಂದು. ವಿಪಿ3ರ 58ರ ಹತ್ತಿರ ಮತ್ತೊಂದು. ಐದನೆಯದು ಮತ್ತೆ ಕುಣಿಕೆಗೇ ಸೇರಿದ್ದು.

ಇದರ ಮಧ್ಯೆ 1989ರಲ್ಲಿ ಇಡೀ ವೈರಸ್‌ನ ಆಕಾರವೇ ಎಕ್ಸ್-ರೇಯಿಂದ ಸಿಕ್ಕಿತು. 'ನೇಚರ್' ಪತ್ರಿಕೆಯಲ್ಲಿ ಬಂದ ಆ ಲೇಖನದ ಲೇಖಕರಲ್ಲಿ ಮೊದಲ ಹೆಸರು ಆಚಾರ್ಯ. ನಮ್ಮ ಲ್ಯಾಬ್‌ನಲ್ಲಿ ಅದರ ಝೆರಾಕ್ಸ್ ಪ್ರತಿಯೊಂದು ಕೈಯಿಂದ ಕೈಗೆ ಓಡಾಡಿ ಮೂಲೆಗಳೆಲ್ಲ ಸವೆದುಹೋಗಿದ್ದವು. ತಮಾಷೆ ಎಂದರೆ, ಎಲ್ಲರೂ ಕಾಯುತ್ತಿದ್ದ ಆ ಕುಣಿಕೆ ಮಾತ್ರ ಚಿತ್ರದಲ್ಲಿ ಕಾಣಲೇ ಇಲ್ಲ. ಅದು ಒಂದು ಕಡೆ ನಿಲ್ಲದೆ ಅಲುಗಾಡುತ್ತಲೇ ಇರುತ್ತದೆ. 1993ರಲ್ಲಿ ಒಂದು ರಾಸಾಯನಿಕ ಹಾಕಿ ಅದನ್ನು ಮಲಗಿಸಿದ ಮೇಲೆಯೇ ಕಂಡಿದ್ದು.

ಇಷ್ಟು ಗೊತ್ತಾದ ಮೇಲೆ ಆ ಕುಣಿಕೆಯನ್ನಷ್ಟೇ ತಯಾರಿಸಿ ಲಸಿಕೆ ಮಾಡಬಹುದಲ್ಲ ಎಂದು ಕೇಳುತ್ತೀರಿ. ಕೇಳಲೇಬೇಕು. ಜೀವಂತ ವೈರಸ್ ಬೆಳೆಸುವ ಅಪಾಯವೇ ಇಲ್ಲ, ಐಸ್ ಬಾಕ್ಸಿನ ಗೋಳೂ ಕಡಿಮೆ. 1982ರಲ್ಲೇ ಕುಣಿಕೆಯ 20 ಅಮೈನೊ ಆಮ್ಲಗಳ ತುಂಡನ್ನು ಗಿನಿ ಇಲಿಗಳಿಗೆ ಕೊಟ್ಟಾಗ ಅವು ರೋಗದಿಂದ ಪಾರಾದವು. ಆಗ ಎಲ್ಲರಿಗೂ ಹಬ್ಬ. ಆದರೆ ದನಗಳ ವಿಷಯದಲ್ಲಿ ಹಬ್ಬ ಬಹಳ ದಿನ ಉಳಿಯಲಿಲ್ಲ. ನೂರಕ್ಕೂ ಹೆಚ್ಚು ದನಗಳ ಮೇಲೆ ಮಾಡಿದ ದೊಡ್ಡದೊಂದು ಪ್ರಯೋಗದ ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ಗಟ್ಟಿ ರಕ್ಷಣೆ ಸಿಕ್ಕಿರಲಿಲ್ಲ. ಜತೆಗೆ, ರೋಗ ಬಂದ ಕೆಲವು ದನಗಳಲ್ಲಿ ಸಿಕ್ಕ ವೈರಸ್ ಅದೇ ಕುಣಿಕೆಯಲ್ಲಿ ಬದಲಾಗಿತ್ತು. ಒಂದೇ ಬಾಗಿಲಿಗೆ ಕಾವಲು ಹಾಕಿದರೆ ವೈರಸ್ ಆ ಬಾಗಿಲನ್ನೇ ಬದಲಿಸಿಕೊಳ್ಳುತ್ತದೆ. ಐದೂ ಕಡೆ ಕೂರುವ ಪ್ರತಿಕಾಯಗಳು ಬೇಕು. ಅದಕ್ಕೆ ಇಡೀ ಚಿಪ್ಪು ಬೇಕು. ಹಾಗಾಗಿ ಇವತ್ತಿಗೂ ನಮ್ಮ ಹಸುಗಳಿಗೆ ಕೊಡುವುದು ವೈರಸ್ ಅನ್ನು ಬೆಳೆಸಿ, ನಿಷ್ಕ್ರಿಯ ಮಾಡಿ, ಎಣ್ಣೆಯಲ್ಲಿ ಬೆರೆಸಿದ ಲಸಿಕೆಯನ್ನೇ.

ಇಲ್ಲಿಂದ ವಿಷಯ ನಮ್ಮೂರಿಗೆ ಬರುತ್ತದೆ.

ಮೊದಲು ಐಸ್ ಬಾಕ್ಸ್. ಆ ಐದು ಜಾಗಗಳಲ್ಲಿ ಕೆಲವು ಚಿಪ್ಪು ಇಡಿಯಾಗಿ ಇದ್ದರೆ ಮಾತ್ರ ಇರುತ್ತವೆ. ಬಿಸಿ ತಗುಲಿದರೆ ಚಿಪ್ಪು ಹನ್ನೆರಡು ಚೂರಾಗಿ ಒಡೆಯುತ್ತದೆ. ಅದರಲ್ಲೂ ಒ ಬಗೆಯದು ಬೇಗ ಒಡೆಯುವಂಥದ್ದು. ಚೂರಾದ ಮೇಲೂ ಬಾಟಲಿಯಲ್ಲಿ ಪ್ರೋಟೀನು ಅಷ್ಟೇ ಇರುತ್ತದೆ. ನೋಡಲು ಅದೇ ಬಿಳಿ ದ್ರವ, ಅದೇ ಲೇಬಲ್. ಹಸುವಿಗೆ ಚುಚ್ಚಿದರೆ ಪ್ರತಿಕಾಯವೂ ಒಂದಷ್ಟು ಹುಟ್ಟುತ್ತದೆ. ಆದರೆ ಅವು ಚೂರನ್ನು ಗುರುತಿಸುವ ಪ್ರತಿಕಾಯ. ಇಡೀ ವೈರಸ್ ಎದುರಿಗೆ ಬಂದರೆ ಹಿಡಿಯಲು ಜಾಗ ಸಿಗುವುದಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಬೈಕಿನ ಹಿಂದೆ ಥರ್ಮೋಕೋಲ್ ಡಬ್ಬ ಕಟ್ಟಿಕೊಂಡು, ಕರಗಿದ ಐಸ್ ಪ್ಯಾಕಿನ ಜತೆ ಮನೆಮನೆ ತಿರುಗುವ ಲಸಿಕೆದಾರರನ್ನು ನಾನು ಕಂಡಿದ್ದೇನೆ. ಅವರದು ತಪ್ಪು ಎನ್ನಲು ಮನಸ್ಸು ಬರುವುದಿಲ್ಲ. ಊರಿಗೊಂದು ಫ್ರಿಜ್ಜು ಇರಬೇಕಾದ ಕಡೆ ಹೋಬಳಿಗೊಂದು ಇದ್ದರೆ ಅವರು ಏನು ಮಾಡಬೇಕು? ಹಾಗಂತ ಫ್ರೀಜರ್‌ನಲ್ಲಿ ಇಟ್ಟರೂ ಕೆಡುತ್ತದೆ, ಎಣ್ಣೆ ಬೇರೆಯಾಗುತ್ತದೆ. 2ರಿಂದ 8 ಡಿಗ್ರಿ, ಅಷ್ಟೇ. 'ನೀರು ಚುಚ್ಚಿದರು' ಎಂದ ಆ ರೈತರ ಮಾತು ಪೂರ್ತಿ ಸುಳ್ಳಲ್ಲ ಅನ್ನಿಸುವುದು ಇದಕ್ಕೇ.

ಇನ್ನೊಂದು, ವೈರಸ್ ತಾನೇ ಬದಲಾಗುವುದು. ಕಾಲುಬಾಯಿ ವೈರಸ್‌ನಲ್ಲಿ ಏಳು ಬಗೆ. ಒಂದಕ್ಕೆ ಹಾಕಿದ ಲಸಿಕೆ ಇನ್ನೊಂದಕ್ಕೆ ನಡೆಯುವುದಿಲ್ಲ. ನಮ್ಮಲ್ಲಿ ಓಡಾಡುವುದು ಒ, ಎ, ಏಷ್ಯಾ 1. ಲಸಿಕೆಯಲ್ಲೂ ಈ ಮೂರಿವೆ. ಸಿ ಬಗೆ 1995ರ ನಂತರ ನಮ್ಮ ದೇಶದಲ್ಲಿ ಕಂಡಿಲ್ಲ. ಒಂದೇ ಬಗೆಯ ಒಳಗೂ ವೈರಸ್ ಬದಲಾಗುತ್ತಲೇ ಇರುತ್ತದೆ. ಎ ಬಗೆಯದೇ ಉದಾಹರಣೆ ಕೊಡುತ್ತೇನೆ. ಈ ಶತಮಾನದ ಮೊದಲ ದಶಕದಲ್ಲಿ ಭಾರತದ ದನಗಳಿಂದ ಸಿಕ್ಕ ಎ ವೈರಸ್‌ಗಳ ಒಂದು ಗುಂಪಿನಲ್ಲಿ ವಿಪಿ3ರ 59ನೇ ಅಮೈನೊ ಆಮ್ಲವೇ ಮಾಯವಾಗಿತ್ತು. ಬದಲಾಗಿರಲಿಲ್ಲ, ಇರಲೇ ಇಲ್ಲ! ಪ್ರತಿಕಾಯ ಬಂದು ಕೂರುವ ಜಾಗದಲ್ಲೇ ಒಂದು ಕಡಿಮೆ. ಒಂದೇ ಒಂದು ಅಮೈನೊ ಆಮ್ಲ ಹೋದರೆ ಏನಾಯಿತು ಅನ್ನಿಸಬಹುದು. ಗೇಸೆನ್ ಅವರ ಕಡ್ಡಿಗಳನ್ನು ನೆನೆಸಿಕೊಳ್ಳಿ. ಆ ಹೊತ್ತಿಗೆ ಲಸಿಕೆ ಮಾಡಲು ಬಳಸುತ್ತಿದ್ದ ಎ ವೈರಸ್ ತಳಿ 1982ರಲ್ಲಿ ಸಿಕ್ಕಿದ್ದು. ಆಮೇಲೆ ಅದನ್ನು ತೆಗೆದು 2000ದ ತಳಿಯೊಂದನ್ನು ಹಾಕಿದರು.

ಹಳೆಯ ತಳಿ ಎಂದ ಮಾತ್ರಕ್ಕೆ ಕೆಟ್ಟದ್ದು ಎಂದೂ ಅಲ್ಲ. ಒ ಬಗೆಗೆ ನಮ್ಮ ದೇಶದಲ್ಲಿ ಬಹುಕಾಲ ಬಳಸಿದ ತಳಿ 1975ರದು. ಹೊಸ ಒ ವೈರಸ್‌ಗಳ ಎದುರು ಅದನ್ನು ಮತ್ತೆ ಮತ್ತೆ ಪರೀಕ್ಷೆ ಮಾಡಿ, ಹೊಂದುತ್ತದೆ ಎಂದು ಕಂಡಮೇಲೆಯೇ ಇಟ್ಟುಕೊಂಡು ಬಂದರು. ಪರೀಕ್ಷೆ ಸರಳ. ಲಸಿಕೆ ಹಾಕಿದ ದನದ ಸೀರಂ ಲಸಿಕೆಯ ವೈರಸ್ಸನ್ನು ಎಷ್ಟು ತಡೆಯುತ್ತದೆ, ಈಗ ಊರಲ್ಲಿ ಸಿಕ್ಕ ವೈರಸ್ಸನ್ನು ಎಷ್ಟು ತಡೆಯುತ್ತದೆ, ಎರಡನೆಯದನ್ನು ಮೊದಲನೆಯದರಿಂದ ಭಾಗಿಸುವುದು. ಉತ್ತರ 0.3 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಲಸಿಕೆ ಹೊಂದುತ್ತದೆ. ಕಡಿಮೆಯಾದರೆ ಯೋಚನೆ ಮಾಡಬೇಕು. ಐದನೇ ಕ್ಲಾಸಿನ ಮಕ್ಕಳಿಗೂ ಅರ್ಥವಾಗುವ ಲೆಕ್ಕ ಅಲ್ವಾ?

ಈ ಲೆಕ್ಕದ ಉತ್ತರ ರೈತರಿಗೆ ಸಿಗುವುದಿಲ್ಲ. ನನ್ನ ದೂರು ಇಷ್ಟೇ.

2013 ನೆನಪಿರಬೇಕು ನಿಮ್ಮ ಓದುಗರಿಗೆ. ಕೋಲಾರ, ರಾಮನಗರ, ಬೆಂಗಳೂರು ಗ್ರಾಮಾಂತರ ಎಲ್ಲ ಕಡೆ ಒ ಬಗೆಯ ವೈರಸ್ ಬಡಿದು ಸಾವಿರಾರು ದನ ಸತ್ತವು. ನಾನಿದ್ದ ಕಡೆ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಫೋನು ಶುರುವಾದರೆ ರಾತ್ರಿವರೆಗೆ ನಿಲ್ಲುತ್ತಿರಲಿಲ್ಲ. ಕರುಗಳು ಹುಣ್ಣೂ ಕಾಣದೆ ಸಾಯುತ್ತಿದ್ದವು, ಎಳೆಯವಕ್ಕೆ ಈ ವೈರಸ್ ಹೃದಯಕ್ಕೇ ಹೋಗುತ್ತದೆ. 'ಡಾಕ್ಟ್ರಮ್ಮ, ಲಸಿಕೆ ಹಾಕಿಸಿದೀನಿ, ಕಾರ್ಡಲ್ಲಿ ಬರೆದಿದೆ ನೋಡಿ, ಮತ್ಯಾಕೆ ಬಂತು?' ಎಂದು ಒಬ್ಬ ಹೆಂಗಸು ಕೇಳಿದ್ದರು. ಆಕೆಯ ಎರಡು ಹಸುಗಳಿಂದ ಸ್ಯಾಂಪಲ್ ತೆಗೆದು ಕಳಿಸಿದೆ. ಉತ್ತರ ಬಂದರೆ ಹೇಳುತ್ತೇನೆ ಎಂದೆ. ಉತ್ತರ ಬರಲಿಲ್ಲ. ಯಾವ ಕಚೇರಿಯಲ್ಲಿ ನಿಂತಿತು ಎಂದು ಹುಡುಕಿದೆ. ಆ ಕಚೇರಿಯ ಹೆಸರು ಇಲ್ಲಿ ಬೇಡ. 'ಅದು ಮೇಲಿನವರಿಗೆ ಹೋಗುತ್ತೆ ಮೇಡಂ, ರೈತರಿಗೆ ಕೊಡೋದಲ್ಲ' ಎಂದರು. ಯಾಕೆ ಕೊಡಬಾರದು ಎಂದು ಕೇಳಿದ್ದಕ್ಕೆ, ಅವರಿಗೆ ಅರ್ಥವಾಗುವುದಿಲ್ಲ ಎಂದರು. ಡೇರಿಯಲ್ಲಿ ಫ್ಯಾಟು, ಎಸ್ಎನ್ಎಫ್ಫು ದಶಾಂಶದವರೆಗೆ ಲೆಕ್ಕ ಹಾಕಿ ಹಾಲಿನ ದುಡ್ಡು ಎಣಿಸಿಕೊಳ್ಳುವವರಿಗೆ 0.3 ಅರ್ಥವಾಗುವುದಿಲ್ಲವಂತೆ.

ಅದಾದ ಮೇಲೆ ಒಳ್ಳೆಯದೂ ಆಗಿದೆ, ಅದನ್ನೂ ಹೇಳಬೇಕು. 2019ರಲ್ಲಿ ಕೇಂದ್ರ ಸರ್ಕಾರ ಕಾಲುಬಾಯಿ ಮತ್ತು ಬ್ರುಸೆಲ್ಲಾ ರೋಗಗಳಿಗೆ 13,343 ಕೋಟಿ ರೂಪಾಯಿಯ ಯೋಜನೆ ತಂದಿತು. ಆರು ತಿಂಗಳಿಗೊಮ್ಮೆ ಲಸಿಕೆ, ಕಿವಿಗೆ 12 ಅಂಕಿಯ ಓಲೆ, ಕಂಪ್ಯೂಟರಿನಲ್ಲಿ ದಾಖಲೆ. ಲಸಿಕೆಗೆ ಮುಂಚೆ ಮತ್ತು ಆಮೇಲೆ ಕೆಲವು ದನಗಳ ರಕ್ತ ತೆಗೆದು ಪ್ರತಿಕಾಯ ಅಳೆಯುತ್ತಾರೆ. ಪ್ರಾಣಿರೋಗಗಳ ಜಾಡು ಹಿಡಿಯುವ ಯಲಹಂಕದ ರಾಷ್ಟ್ರೀಯ ಸಂಸ್ಥೆ ನಿವೇದಿ ಆ ಕೆಲಸದಲ್ಲಿ ಇದೆ. ಹೆಬ್ಬಾಳದಲ್ಲಿರುವ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ (ಐವಿಆರ್‌ಐ) ಕ್ಯಾಂಪಸ್ಸಿನಲ್ಲಿ ಈ ವೈರಸ್ ಮೇಲೆ ದಶಕಗಳಿಂದ ಕೆಲಸ ನಡೆದಿದೆ. ವೈರಸ್‌ನ ಬಗೆ ಗುರುತಿಸುವ ರಾಷ್ಟ್ರೀಯ ಸಂಸ್ಥೆ ಭುವನೇಶ್ವರದ ಹತ್ತಿರ ಇದೆ. ಹಸುವಿಗೆ ಪ್ರತಿಕಾಯ ಬಂದಿದ್ದು ಲಸಿಕೆಯಿಂದಲೋ ನಿಜವಾದ ರೋಗದಿಂದಲೋ ಎಂದು ಬೇರೆ ಮಾಡುವ ಪರೀಕ್ಷೆಯೂ ನಮ್ಮಲ್ಲಿದೆ. ಚಿಪ್ಪಿನದಲ್ಲದ, ವೈರಸ್ ಕೋಶದೊಳಗೆ ಬೆಳೆಯುವಾಗ ಮಾತ್ರ ಹುಟ್ಟುವ ಪ್ರೋಟೀನುಗಳ ವಿರುದ್ಧ ಪ್ರತಿಕಾಯ ಇದ್ದರೆ ಅದು ರೋಗದ ಗುರುತು. ಅಂದರೆ ಜಾಣರೂ ಇದ್ದಾರೆ, ಯಂತ್ರಗಳೂ ಇವೆ, ದುಡ್ಡೂ ಇದೆ. ಆ ಮೂರು ಸಂಸ್ಥೆಗಳೂ ನಮ್ಮೂರಿನಿಂದ ಒಂದು ಬಸ್ಸು, ಹೆಚ್ಚೆಂದರೆ ಒಂದು ರೈಲಿನ ದೂರದಲ್ಲಿವೆ.

ಹಾಗಾಗಿ ಪಶುಸಂಗೋಪನಾ ಇಲಾಖೆಗೆ ನನ್ನ ಬೇಡಿಕೆ ಇದು. ಒಂದು ಊರಲ್ಲಿ ಕಾಲುಬಾಯಿ ಬಂದು ಸ್ಯಾಂಪಲ್ ಹೋದ ಮೇಲೆ, ಬಂದಿದ್ದು ಯಾವ ಬಗೆ, ಲಸಿಕೆಯ ತಳಿಗೆ ಹೊಂದಿತೋ ಇಲ್ಲವೋ, ಹೊಂದದಿದ್ದರೆ ಎಲ್ಲಿ ಬದಲಾಗಿದೆ, ಇಷ್ಟನ್ನು ಕನ್ನಡದಲ್ಲಿ ಬರೆದು ಆ ಊರಿನ ಹಾಲಿನ ಡೇರಿಯ ಬೋರ್ಡಿಗೆ ಅಂಟಿಸಬೇಕು. ಜತೆಗೆ ಆ ಸಲದ ಲಸಿಕೆ ಎಲ್ಲಿಂದ ಬಂತು, ದಾರಿಯಲ್ಲಿ ಎಷ್ಟು ಡಿಗ್ರಿಯಲ್ಲಿ ಇತ್ತು ಎನ್ನುವುದನ್ನೂ ಹಾಕಲಿ. ಅರ್ಧ ಪುಟ ಸಾಕು. ಲಸಿಕೆ ಹೊಂದುತ್ತದೆ, ಬಾಕ್ಸ್ ಕೆಟ್ಟಿತ್ತು ಎಂದು ಗೊತ್ತಾದರೆ ರೈತರು ಮುಂದಿನ ಸಲ ಐಸ್ ನೋಡಿ ಚುಚ್ಚಿಸಿಕೊಳ್ಳುತ್ತಾರೆ. ವೈರಸ್ಸೇ ಬದಲಾಗಿದೆ ಎಂದು ಗೊತ್ತಾದರೆ ಸಂತೆಗೆ ದನ ಹೊಡೆಯುವುದನ್ನು ಅವರೇ ನಿಲ್ಲಿಸುತ್ತಾರೆ. ಏನೂ ಗೊತ್ತಾಗದಿದ್ದರೆ 'ಲಸಿಕೆ ಹಾಕಿಸಿದರೆ ಹಾಲು ಇಳಿಯುತ್ತೆ, ಗಬ್ಬ ಹೋಗುತ್ತೆ, ರೋಗ ಮಾತ್ರ ಬಂದೇ ಬರುತ್ತೆ' ಎಂದುಕೊಂಡು ಲಸಿಕೆ ಜೀಪು ಕಂಡ ಕೂಡಲೇ ಹಸುವನ್ನು ತೋಟದ ಹಿಂದಕ್ಕೆ ಅಟ್ಟುತ್ತಾರೆ. ನನ್ನ ಪಕ್ಕದ ಮನೆಯವರು ಹೋದ ಸಲ ಅದನ್ನೇ ಮಾಡಿದರು.

ಪತ್ರಿಕೆಯವರಿಗೂ ಒಂದು ಮಾತು. ಮುಂದಿನ ಸಲ ಇಂಥ ಸುದ್ದಿ ಬರೆಯುವಾಗ ಅಧಿಕಾರಿಯ ಹತ್ತಿರ ಎಷ್ಟು ಡೋಸ್ ಹಾಕಿದಿರಿ ಎಂದು ಮಾತ್ರ ಕೇಳಬೇಡಿ. ವೈರಸ್ ಹೊಂದಾಣಿಕೆಯ ಅಂಕಿ ಎಷ್ಟು ಬಂತು ಎಂದೂ ಕೇಳಿ. ಗೊತ್ತಿಲ್ಲ ಎಂದರೆ ಅದನ್ನೇ ಬರೆಯಿರಿ.

ರೈತರಿಗೆ ಒಂದೇ ಕೋರಿಕೆ. ಮೇಲಿನ ಎಲ್ಲ ಪರೀಕ್ಷೆಗೂ ಬೇಕಾಗಿರುವುದು ನಾಲಿಗೆಯ ಮೇಲೆ ಆಗ ತಾನೇ ಒಡೆದ, ಅಥವಾ ಇನ್ನೂ ಒಡೆಯದ ಗುಳ್ಳೆಯ ಸಿಪ್ಪೆ, ಒಂದೆರಡು ಗ್ರಾಂನಷ್ಟು. ಎರಡು ಮೂರು ದಿನ ಬಿಟ್ಟರೆ ಸಿಗುವುದಿಲ್ಲ. ಹುಳಿ ತಗುಲಿದರೆ ಈ ವೈರಸ್ ಸಾಯುತ್ತದೆ, ಬಟ್ಟೆ ಒಗೆಯುವ ಸೋಡಾದಂಥ ಖಾರ ತಗುಲಿದರೂ ಸಾಯುತ್ತದೆ. ಬಾಯಿಗೆ ಅಡುಗೆ ಸೋಡಾದ ನೀರು ಹಾಕಿ ತೊಳೆಯುವುದು, ಗೊರಸಿಗೆ ಹೊಂಗೆ ಎಣ್ಣೆ ಸವರುವುದು, ರಾಗಿ ಗಂಜಿ ಕುಡಿಸುವುದು ಎಲ್ಲ ಮಾಡಿ, ಬೇಡ ಎನ್ನುವುದಿಲ್ಲ. ಆದರೆ ಊರಿನ ಮೊದಲ ಹಸು ಜೊಲ್ಲು ಸುರಿಸಿದ ದಿನವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ತೊಳೆಯುವುದಕ್ಕೆ ಮುಂಚೆ ಸ್ಯಾಂಪಲ್ ತೆಗೆಸಿ. ಅದನ್ನು ಹುಳಿಯಾಗದ ಗ್ಲಿಸರಿನ್ ದ್ರಾವಣದಲ್ಲಿ ಹಾಕಿ ಐಸ್ ಮೇಲೆ ಇಟ್ಟರೋ ಇಲ್ಲವೋ ಕಣ್ಣಾರೆ ನೋಡಿ. ಸ್ಯಾಂಪಲ್ ನಂಬರನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಒಂದು ತಿಂಗಳಾದ ಮೇಲೆ ಆ ನಂಬರ್ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ ಉತ್ತರ ಕೇಳಿ.

ಇಂತಿ,
ನಿವೃತ್ತ ಪಶುವೈದ್ಯೆ
ಚಿಂತಾಮಣಿ ತಾಲ್ಲೂಕು